ನಮ್ಮ ಜನದ ಗೆರೆ

ಡಿಸೆಂಬರ್ 9, ಸೋಮವಾರ

ಬರೆಯಬೇಕಂತೆ. ಅರವತ್ತೊಂಬತ್ತು ವರ್ಷ ಬರೆಯದೇ ಬದುಕಿದವಳು ಈಗ ಬರೆದರೆ ರಕ್ತದೊತ್ತಡ ಇಳಿಯುತ್ತದಂತೆ. ಕಳೆದ ವಾರ ಕ್ಲಿನಿಕ್ಕಿನಲ್ಲಿ ಕಿಟಕಿಯ ಹಿಂದೆ ಕೂತ ಹುಡುಗಿಗೆ ನಾಲ್ಕು ಮಾತು ಅಂದೆ. ಜೋರಾಗಿಯೇ ಅಂದೆ. ಅರ್ಧ ಬೆಳಗು ಕಾಯಿಸಿ ಆಮೇಲೆ ನಿಮ್ಮ ಹೆಸರೇ ಇಲ್ಲ ಎಂದರೆ ಆರತಿ ಎತ್ತಬೇಕೇ? ಗಲಾಟೆ ಕೇಳಿ ಒಳಗಿಂದ ಒಬ್ಬ ಸಲಹೆಗಾರ್ತಿ ಬಂದಳು. ಸಿಟ್ಟು ಬಂದಾಗ ಎದುರಿಗಿದ್ದವರಿಗೆ ಹೇಳುವ ಬದಲು ಇದಕ್ಕೆ ಹೇಳಿ ಎಂದು ಈ ನೀಲಿ ರಟ್ಟಿನ ಪುಸ್ತಕ ಕೈಗಿಟ್ಟಳು. ಮುಂದಿನ ಸಲ ತರಬೇಕು, ಓದುವುದಿಲ್ಲ, ಬರೆದಿದ್ದೀರೋ ಇಲ್ಲವೋ ಎಂದಷ್ಟೇ ನೋಡುತ್ತೇನೆ ಎಂದಳು. ಓದುವವರಿಲ್ಲದ ಮೇಲೆ ಬರೆಯುವುದು ಯಾಕೆ?

ನಾನು ಯುಗಾಂಡಾದ ಜಿಂಜಾದಲ್ಲಿ ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂಗ್ಲೆಂಡಿನ ಈ ಲೆಸ್ಟರಿಗೆ ಬಂದು ಸ್ವೆಟರ್ ಕಾರ್ಖಾನೆಯ ಓವರ್‌ಲಾಕ್ ಯಂತ್ರದ ಮುಂದೆ ತಲೆ ಬೆಳ್ಳಗೆ ಮಾಡಿಕೊಂಡವಳು. ನನ್ನ ಅಕ್ಷರ ನನಗೇ ಅಪರಿಚಿತ.

ಬರೆಯಲೇಬೇಕಾದರೆ ಮನೆಯ ಸುದ್ದಿ ಬರೆಯುತ್ತೇನೆ. ಸೊಸೆ ಉರ್ವಿಗೆ ಎಂಟು ತುಂಬಿದೆ. ಚೊಚ್ಚಲು. ತವರಿಗೆ ಹೋಗಬೇಕಾದವಳು, ಆದರೆ ನವಸಾರಿಯಲ್ಲಿ ಅವಳ ತಾಯಿ ಮಂಡಿ ಹಿಡಿದು ಮಂಚದ ಮೇಲಿದ್ದಾಳೆ. ಫೋನಿನಲ್ಲಿ ಅತ್ತು, "ಜಸುಬೆನ್, ಅವಳನ್ನ ನಿಮ್ಮ ಉಡಿಗೆ ಹಾಕಿದೀನಿ" ಎಂದಳು. ಹಾಕಿದ್ದಾಳೆ. ಈಗ ನಾನೇ ಅತ್ತೆ, ನಾನೇ ತಾಯಿ. ಡಾಕ್ಟರು ಕೊಟ್ಟ ದಿನ ಜನವರಿ ಹದಿನಾಲ್ಕು, ಉತ್ತರಾಯಣದ ಹಬ್ಬದ ದಿನವೇ. ಬೇಡಿಕೊಂಡರೂ ಅಂಥ ದಿನ ಸಿಗುವುದಿಲ್ಲ.

ಇಷ್ಟು ಸಾಕು. ಒತ್ತಡ ಇಳಿದಂತೇನೂ ಕಾಣಲಿಲ್ಲ.

ಡಿಸೆಂಬರ್ 13, ಶುಕ್ರವಾರ

ಉರ್ವಿಯ ಹೊಟ್ಟೆಯ ಸ್ಕ್ಯಾನ್ ಇತ್ತು. ಮಗ ನಿಮೇಷ್ ಸಿಟಿ ಬಸ್ಸಿನ ಡ್ರೈವರ್, ಅವನಿಗೆ ಬೆಳಗಿನ ಪಾಳಿ. ಹಾಗಾಗಿ ನಾನೇ ಜೊತೆಗೆ ಹೋದೆ.

ಒಂದು ಹಾಳೆಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳು. ಮಗು ಎಷ್ಟು ಬೆಳೆದಿದೆ ಎಂದು ಡಾಕ್ಟರ್ ಅದರಲ್ಲೊಂದು ಚುಕ್ಕಿ ಇಟ್ಟ. ಮೀಸೆ ಇನ್ನೂ ಗಟ್ಟಿಯಾಗದ ಹುಡುಗ. ಚುಕ್ಕಿ ಎಲ್ಲಕ್ಕಿಂತ ಕೆಳಗಿನ ಗೆರೆಗೆ ತಾಗಿಕೊಂಡೇ ಕೂತಿತು. ಉರ್ವಿಯ ಮುಖ ಇಳಿಯಿತು. ಅವನು ನಕ್ಕು, ಗಾಬರಿ ಬೇಡ, ಈ ಗೆರೆಗಳನ್ನು ಭಾರತದ ತಾಯಂದಿರಿಗೆ ಎಂದೇ ಬೇರೆ ಎಳೆದಿದ್ದೇವೆ, ನಿಮ್ಮ ಜನರ ಮಕ್ಕಳು ಸಣ್ಣವೇ, ನಿಮ್ಮ ಗೆರೆಯ ಒಳಗೇ ಇದೆ ಎಂದ.

ನನಗೆ ಸಂತೋಷವಾಯಿತು. ಇಷ್ಟು ವರ್ಷಕ್ಕೆ ಇವರಿಗೆ ನಾವು ಬೇರೆ ಅಳತೆಯವರು ಎಂದು ತಿಳಿಯಿತಲ್ಲ. ನಾನು ಸ್ಟೂಲಿಲ್ಲದೆ ಅಡುಗೆಮನೆಯ ಮೇಲಿನ ಹಲಗೆ ಮುಟ್ಟಲಾರೆ. ಉರ್ವಿ ನನಗಿಂತ ಒಂದು ಬೆರಳು ಎತ್ತರವಿರಬಹುದು. ನಮ್ಮ ಹೊಟ್ಟೆಯಲ್ಲಿ ಆನೆ ಹುಟ್ಟುತ್ತದೆಯೇ? ಅದೂ ಅಲ್ಲದೆ ಸಣ್ಣ ಮಗುವಾದರೆ ಹೆರಿಗೆ ಸುಲಭ.

ಬಸ್ಸಿನಲ್ಲಿ ಉರ್ವಿ, "ಮಮ್ಮೀ, ಬೇರೆಯವರ ಗೆರೆಯಲ್ಲಿ ಇಟ್ಟಿದ್ರೆ ಆ ಚುಕ್ಕಿ ಎಲ್ಲಿರ್ತಿತ್ತು?" ಎಂದಳು.

"ಬೇರೆಯವರದ್ರಲ್ಲಿ ಯಾಕಿಡ್ತಾರೆ? ನೀನು ಬೇರೆಯವಳಾ?" ಎಂದೆ.

ಡಿಸೆಂಬರ್ 19, ಗುರುವಾರ

ಇವತ್ತು ಅಕ್ಷರ ಸೊಟ್ಟಗೆ ಬರುತ್ತಿದೆ. ಬರಲಿ.

ನಮ್ಮ ಬಡಾವಣೆಯ ಸೂಲಗಿತ್ತಿ ನರ್ಸ್ ಮಾರ್ವಾ. ಅಪ್ಪ ಅಮ್ಮ ಜಮೈಕಾದವರು, ಇವಳು ಹುಟ್ಟಿದ್ದು ಇಲ್ಲೇ. ಗುಜರಾತಿ ಬಸುರಿಯರನ್ನು ನೋಡಿ ನೋಡಿ ನಮ್ಮನ್ನೆಲ್ಲ ನಮ್ಮ ಹಾಗೇ ಬೆನ್, ಅಕ್ಕ, ಎಂದೇ ಕರೆಯುತ್ತಾಳೆ. ಒಳ್ಳೆಯ ಹೆಂಗಸು ಎಂದುಕೊಂಡಿದ್ದೆ.

ಇವತ್ತು ಉರ್ವಿಯ ಹೊಟ್ಟೆ ಅಳೆದು, ಮೂವತ್ತೊಂಬತ್ತು ವಾರ ತುಂಬುವ ದಿನ, ಅಂದರೆ ಜನವರಿ ಏಳಕ್ಕೆ, ನೀವು ಒಪ್ಪಿದರೆ ಔಷಧಿ ಕೊಟ್ಟು ನೋವು ಬರಿಸಿ ಹೆರಿಗೆ ಮಾಡಿಸುತ್ತೇವೆ ಎಂದಳು. ಬೇಡವೆಂದರೆ ಆ ದಿನದಿಂದ ವಾರಕ್ಕೆರಡು ಸಲ ಬಂದು ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು ಮಗುವಿನ ಎದೆಬಡಿತ ತೋರಿಸಬೇಕು. ಯಾಕೆ ಎಂದೆ. ನಿಮ್ಮ ಕಡೆಯ ಹೆಂಗಸರಲ್ಲಿ ಮಾಸು ಬೇಗ ದಣಿಯುವಂತೆ ಕಾಣುತ್ತದೆ ಎಂದಳು. ಬಿಳಿಯ ಹೆಂಗಸರಿಗೆ ದಿನ ಮೀರಿದ ಮೇಲೆ ಬರುವ ಅಪಾಯ ನಿಮ್ಮವರಿಗೆ ದಿನ ತುಂಬುವ ಮೊದಲೇ ಬರುತ್ತದೆ. ಎಲ್ಲ ಸರಿಯಿದ್ದ ಮಗು ಒಳಗೇ ನಿಂತುಹೋಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೆ ಆಗುವುದು ನಿಮ್ಮವರಲ್ಲಿ ಹೆಚ್ಚು.

ಬಸುರಿಯ ಮುಂದೆ ಆಡುವ ಮಾತೇ ಇದು? ಹೋದ ವಾರ ನಮ್ಮ ಜನ ಎಂದು ಹೆದರಬೇಡ ಎಂದರು. ಈ ವಾರ ನಮ್ಮ ಜನ ಎಂದು ಹೆದರು ಎನ್ನುತ್ತಾರೆ. ಪಕ್ಕದ ಮನೆಯ ಬಿಳಿ ಹುಡುಗಿ ಕೆಲ್ಲಿ ಬೇಸಿಗೆಯಲ್ಲಿ ದಿನ ಮೀರಿದ ಮೇಲೂ ಹೊಟ್ಟೆ ಹೊತ್ತು ಗಿಡಕ್ಕೆ ನೀರು ಹಾಕುತ್ತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ.

ಮತ್ತೆ, ನಮ್ಮ ಜನ ಅಂದರೆ ಯಾರು? ಅದನ್ನೂ ಕೇಳಿದೆ. ಉರ್ವಿ ಹುಟ್ಟಿದ್ದು ನವಸಾರಿ. ನಾನು ಹುಟ್ಟಿದ್ದು ಜಿಂಜಾ, ನಾನು ಬಸುರಿಯಾಗಿದ್ದರೆ ಅರ್ಜಿಯ ಯಾವ ಚೌಕಕ್ಕೆ ಗುರುತು ಹಾಕುತ್ತಿದ್ದರು? ನಿಮೇಷ್ ಹುಟ್ಟಿದ್ದು ಇದೇ ಆಸ್ಪತ್ರೆ. ಮಗುವಿನಲ್ಲಿ ಅವನ ಪಾಲೇನೂ ಇಲ್ಲವೇ?

ಮಾರ್ವಾ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ನನ್ನ ಎದುರು ಕೂತಳು.

"ಜಸುಬೆನ್, ಯಾಕೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ರಕ್ತವೋ, ಊಟವೋ, ನಾವು ಕೇಳಿದ್ದನ್ನ ಆಸ್ಪತ್ರೆಯವರು ಕಿವಿಗೆ ಹಾಕ್ಕೊಳ್ಳದೇ ಇರೋದೋ, ನಂಗೂ ಗೊತ್ತಿಲ್ಲ. ಆಗ್ತಿದೆ ಅನ್ನೋದು ಮಾತ್ರ ಗೊತ್ತು. ನನ್ನ ಜನದಲ್ಲೂ ಆಗ್ತಿದೆ."

ಗೊತ್ತಿಲ್ಲದವರು ದಿನ ಮಾತ್ರ ಹೇಗೆ ಗೊತ್ತುಮಾಡಿದರು? ಅದಕ್ಕೆ ಅವಳು ಉತ್ತರ ಕೊಟ್ಟಳು, ಆದರೆ ನನ್ನ ತಲೆಗೆ ಹೋಗಲಿಲ್ಲ.

ಡಿಸೆಂಬರ್ 22, ಭಾನುವಾರ

ಜನವರಿ ಏಳು ಕಮೂರ್ತಾದಲ್ಲಿ ಬರುತ್ತದೆ. ಮಾರ್ವಾಗೆ ಧನುರ್ಮಾಸ ಎಂದರೆ ಏನು ಗೊತ್ತು? ಈ ತಿಂಗಳಲ್ಲಿ ನಾವು ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಹೋಗುವುದಿಲ್ಲ, ಹೊಸ ಚಪ್ಪಲಿ ಕೊಂಡರೂ ಡಬ್ಬಿಯಲ್ಲೇ ಇಡುತ್ತೇವೆ. ತಾನಾಗಿ ಬಂದ ಮಗುವಿಗೆ ಕಮೂರ್ತಾ ಇಲ್ಲ, ಅದು ದೇವರ ಲೆಕ್ಕ. ಆದರೆ ದಿನವನ್ನು ನಾವೇ ಆರಿಸುವುದಾದರೆ ಕಮೂರ್ತಾದ ದಿನವನ್ನೇ ಯಾರಾದರೂ ಆರಿಸುತ್ತಾರೆಯೇ? ಮಂದಿರದ ಪೂಜಾರಿ ಮಹಾರಾಜರಿಗೆ ಫೋನ್ ಮಾಡಿದೆ. ಹುಟ್ಟಿಗೆ ದೋಷವಿಲ್ಲ, ಆದರೂ ಆರಿಸುವ ಅವಕಾಶವಿದ್ದರೆ ಕಮೂರ್ತಾ ಮುಗಿದ ಮರುದಿನ, ಹದಿನೈದು, ಉತ್ತಮ ಎಂದರು. ಅವರದೂ ಎರಡು ನಾಲಿಗೆ.

ಊಟಕ್ಕೆ ಕೂತಾಗ ನಿಮೇಷ್, "ಮಮ್ಮೀ, ನೀವಿಬ್ಬರೇ ನೋಡ್ಕೊಳ್ಳಿ, ನಂಗೆ ಬಸ್ಸು ಓಡಿಸೋದಷ್ಟೇ ಬರೋದು" ಎಂದು ಖಿಚಡಿಗೆ ತುಪ್ಪ ಹಾಕಿಕೊಂಡ. ಅವನಪ್ಪನೂ ಹೀಗೇ ಇದ್ದರು, ತುಪ್ಪದ ಹಿಂದೆ ಅಡಗುವವರು. ಉರ್ವಿ ನನ್ನ ಮುಖ ನೋಡಿದಳು. ಹದಿನೈದು ಎಂದೆ. ತಲೆಯಾಡಿಸಿದಳು. ಒಪ್ಪಿ ಆಡಿಸಿದಳೋ ಸುಮ್ಮನೆ ಆಡಿಸಿದಳೋ ಗೊತ್ತಿಲ್ಲ, ಸೊಸೆಯಂದಿರ ತಲೆ ಹಾಗೆಯೇ ಆಡುವುದು.

ನನ್ನ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಫೋನ್ ಮಾಡಿದಳು. ಆ ಕಡೆಯವಳು ಯಾಕೆ ಎಂದು ಕೇಳಲಿಲ್ಲ. ಏಳಕ್ಕೆ ಪಟ್ಟಿ ಕಟ್ಟಿಸಲು ಬನ್ನಿ, ಹೆರಿಗೆಗೆ ಹದಿನೈದು, ಸರಿ ಡಿಯರ್, ಎಂದು ಇಟ್ಟೇಬಿಟ್ಟಳು. ತರಕಾರಿ ಬೇಡವೆಂದಷ್ಟೇ ಸಲೀಸು. ಅಷ್ಟು ದೊಡ್ಡ ಅಪಾಯವಾಗಿದ್ದರೆ ಒಂದು ಮಾತು ಕೇಳುತ್ತಿರಲಿಲ್ಲವೇ? ಅಪಾಯ ಇಲ್ಲವೆಂದೇ ಅರ್ಥ. ಹಾಗಂದುಕೊಂಡು ಮಲಗಲು ಹೋಗುತ್ತಿದ್ದೇನೆ.

ಡಿಸೆಂಬರ್ 28, ಶನಿವಾರ

ಬಾಣಂತಿಗೆಂದು ಕಾಟ್ಲು ಉಂಡೆ ಕಟ್ಟಲು ಅಂಟು, ಶುಂಠಿ, ಬೆಲ್ಲ ತಂದೆ. ಅಂಟು ಹುರಿಯುವಾಗ ಉರ್ವಿಯನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡಿದ್ದೆ. ಒದೆಯಿತಾ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಅವಳು ನಕ್ಕು, "ಬೆಳಿಗ್ಗೆಯಿಂದ ಎಷ್ಟು ಸಲ ಕೇಳ್ತೀರಾ ಮಮ್ಮೀ, ಒದ್ದೂ ಒದ್ದೂ ಅದಕ್ಕೂ ಸುಸ್ತಾಗಿದೆ" ಎಂದಳು.

ನಾನು ಅಷ್ಟೇನೂ ಕೇಳಿಲ್ಲ.

ಜನವರಿ 1, ಬುಧವಾರ

ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಉರ್ವಿ, "ನಿಮೇಷ್‌ಗಿಂತ ಮೊದಲು ಒಂದು ಇತ್ತಂತಲ್ಲ ಮಮ್ಮೀ?" ಎಂದಳು. ಯಾರು ಹೇಳಿದರು ಎಂದು ರೇಗಿ ಜಡೆ ಎಳೆದೆ. ನೋವಾಯಿತೇನೋ. ಕೆಟ್ಟ ಮಾತು ಆಡುವ ಹೊತ್ತಲ್ಲ ಇದು ಎಂದೆ.

ಅದನ್ನು ಇಲ್ಲಿ ಬರೆಯುವುದೂ ಇಲ್ಲ.

ಹೆಣ್ಣು. ಸಾವಿರದ ಒಂಬೈನೂರ ಎಂಬತ್ತನೇ ಇಸವಿ. ದಿನ ತುಂಬಿ ಮೇಲೆ ಒಂದು ವಾರವಾಗಿತ್ತು. ಎರಡು ದಿನದಿಂದ ಅಲುಗುತ್ತಿಲ್ಲ ಎಂದು ನನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಗೆ ಹಾಗೇ ಆಗುತ್ತದೆ, ಜಾಗ ಇರುವುದಿಲ್ಲ ಎಂದರು. ನಮ್ಮ ಹೆಂಗಸರೂ ಅದನ್ನೇ ಹೇಳಿದ್ದರು. ಎರಡೂ ಕಡೆಯವರು ಒಂದೇ ಮಾತು ಹೇಳಿದರೆ ನಿಜವಿರಬೇಕು ಎಂದು ಮನೆಗೆ ಬಂದೆ. ಆಮೇಲೆ ನರ್ಸ್ ಒಬ್ಬಳು, ನಿಮ್ಮವರ ಮಕ್ಕಳು ಸಣ್ಣ, ಶಕ್ತಿ ಸಾಲುವುದಿಲ್ಲ ಎಂದಳು. ಮಗುವಿನ ಮುಖ ತೋರಿಸಲಿಲ್ಲ.

ಇದೆಲ್ಲ ನಮ್ಮ ಜನ ಎಂದು ಆಯಿತೋ, ನಾನು ಎಂದು ಆಯಿತೋ? ಆಗಲೇ ಗೊತ್ತಿದ್ದೂ ಹೇಳಲಿಲ್ಲವೋ, ಗೊತ್ತೇ ಇರಲಿಲ್ಲವೋ? ಬರೆದರೆ ತಿಳಿಯುತ್ತದೆ ಎಂದಳು ಆ ಸಲಹೆಗಾರ್ತಿ. ಬರೆದೆ. ಏನೂ ತಿಳಿಯಲಿಲ್ಲ.

ಜನವರಿ 4, ಶನಿವಾರ

ಒದೆಯುತ್ತಿದೆ. ನನ್ನ ಕೈಗೂ ಸಿಕ್ಕಿತು.

ಜನವರಿ 7, ಮಂಗಳವಾರ

ಪಟ್ಟಿ ಕಟ್ಟಿದರು. ಕುದುರೆ ಓಡಿದ ಹಾಗೆ ಎದೆಬಡಿತ. ಎಲ್ಲ ಸರಿ ಎಂದು ಕಳಿಸಿದರು. ಮಾರ್ವಾ ಇರಲಿಲ್ಲ. ಇದ್ದಿದ್ದರೆ ಕೇಳುತ್ತಿದ್ದೆ.

ಏನು ಕೇಳುತ್ತಿದ್ದೆ, ಗೊತ್ತಿಲ್ಲ. ಮನೆಗೆ ಬಂದು ಉರ್ವಿಗೆ ಎಡಮಗ್ಗುಲಾಗಿ ಮಲಗು ಎಂದೆ, ತಣ್ಣೀರು ಕುಡಿ ಎಂದೆ. ತಣ್ಣೀರು ಕುಡಿದರೆ ಶೀತ ಎಂದು ನವೆಂಬರಿನಲ್ಲಿ ನಾನೇ ಬೈದದ್ದನ್ನು ನೆನಪಿಸಿದಳು. ಈಗಿನ ಹುಡುಗಿಯರಿಗೆ ಬಾಯಿ ಹೆಚ್ಚು.

ಜನವರಿ 9, ಗುರುವಾರ

ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಉರ್ವಿಯ ಚೀಲದಲ್ಲಿ ಈ ಪುಸ್ತಕ ಯಾಕೆ ಹಾಕಿದೆನೋ ಗೊತ್ತಿಲ್ಲ. ಕೈಗೆ ಏನಾದರೂ ಬೇಕು.

ಬೆಳಿಗ್ಗೆ ಉರ್ವಿ ಚಹಾ ಮುಂದಿಟ್ಟುಕೊಂಡು ಕುಡಿಯಲಿಲ್ಲ. ಏನೆಂದೆ. ಏನಿಲ್ಲ, ನಿನ್ನೆ ಸಂಜೆಯಿಂದ ಸ್ವಲ್ಪ ಮೆತ್ತಗಿದೆ, ಅಲುಗುತ್ತದೆ ಆದರೆ ಮೊದಲಿನ ಹಾಗೆ ಅಲ್ಲ ಎಂದಳು. ಭಜನೆಗೆ ಬರುವ ಹೆಂಗಸರು ಹೇಳಿದರಂತೆ, ಕೊನೆಗೆ ಹಾಗೇ, ಜಾಗ ಇರುವುದಿಲ್ಲ ಎಂದು. ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಅದು ಬಾಯಲ್ಲಿರುವಾಗಲೇ ಕಾಲು ಚಪ್ಪಲಿ ಹುಡುಕುತ್ತಿತ್ತು.

ಟ್ಯಾಕ್ಸಿ ಕರೆದೆ. ನಿಮೇಷನ ಫೋನು ಬಸ್ಸಿನಲ್ಲಿ ಆರಿಸಿರುತ್ತದೆ. ಡಬ್ಬಿಯಲ್ಲಿದ್ದ ಹೊಸ ಚಪ್ಪಲಿಯೇ ಕೈಗೆ ಸಿಕ್ಕಿತು, ಅದನ್ನೇ ಹಾಕಿಕೊಂಡು ಬಂದಿದ್ದೇನೆ. ಕಡಿಯುತ್ತಿದೆ.

ಮತ್ತೆ ಪಟ್ಟಿ. ಮತ್ತೆ ಕುದುರೆ. ಹಿಂದಿನ ಅದೇ ಹುಡುಗ ಡಾಕ್ಟರ್ ಬಂದು, ಮೊನ್ನೆಯೂ ಸರಿಯಿತ್ತು, ಇವತ್ತೂ ಸರಿಯಿದೆ ಎಂದ. ಹಳೆಯ ಹಾಳೆ ನೋಡಿ, ಮಗು ಸಣ್ಣದು, ಆದರೆ ಭಾರತದ ತಾಯಂದಿರಿಗೆ ಇದು ಸಹಜ, ಹದಿನೈದಕ್ಕೆ ಬನ್ನಿ ಎಂದ. ಉರ್ವಿ ಎದ್ದು ಕೋಟು ಹುಡುಕಿದಳು. ಆ ಹುಡುಗ ಕೆಟ್ಟವನಲ್ಲ. ನಗುಮುಖದಿಂದಲೇ ಹೇಳಿದ. ಆ ನಗುವೇ ನನಗೆ ತಡೆಯಲಿಲ್ಲ.

ಕಿಟಕಿಯ ಹುಡುಗಿಗೆ ಕೂಗಿದ ಹಾಗೆ ಕೂಗಬೇಕೆಂದಿದ್ದೆ. ಆದರೆ ಮೆಲ್ಲಗೆ ಅಂದೆ.

"ನಮ್ಮ ಜನದ್ದು ಬಿಡಪ್ಪಾ. ಈ ಮಗುವಿಂದು ಹೇಳು."

ಏನೆಂದ. ಮತ್ತೆ ಅದನ್ನೇ ಅಂದೆ. ಕೋಟನ್ನು ಉರ್ವಿಯ ಕೈಯಿಂದ ಕಿತ್ತು ನನ್ನ ಮಡಿಲಲ್ಲಿಟ್ಟುಕೊಂಡು ಕೂತೆ. ಮಾರ್ವಾನ ಕರೆಸಿ ಎಂದೆ. ಅವಳಿಗೆ ಇವತ್ತು ಬೇರೆ ಕಡೆ ಕೆಲಸ ಎಂದರು. ಕಾಯುತ್ತೇನೆ, ಕಾಯುವುದು ನನಗೆ ಇಲ್ಲೇ ಕಲಿಸಿದ್ದು ಎಂದೆ. ಉರ್ವಿ, "ಮಮ್ಮೀ, ಎಲ್ರೂ ನೋಡ್ತಿದಾರೆ" ಎಂದಳು. ನೋಡಲಿ ಬಿಡು ಎಂದೆ.

ಮಧ್ಯಾಹ್ನಕ್ಕೆ ಮಾರ್ವಾ ಬಂದಳು, ತೊಟ್ಟ ಕೋಟಿನಲ್ಲೇ. ನನ್ನನ್ನು ಮಾತಾಡಿಸದೆ ಉರ್ವಿಯನ್ನು ಮಾತಾಡಿಸಿದಳು. ಆಮೇಲೆ ಡಾಕ್ಟರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನೋ ಹೇಳಿದಳು. ಇನ್ನೊಂದು ಸ್ಕ್ಯಾನ್ ಮಾಡಿದರು. ಹುಡುಗ ಹೊಸ ಚುಕ್ಕಿ ಇಟ್ಟು ಬಹಳ ಹೊತ್ತು ನೋಡಿದ. ಹಿಂದಿನ ಚುಕ್ಕಿಯಿಂದ ಮುಂದಕ್ಕೆ ಹೋಗಿತ್ತು, ಮೇಲಕ್ಕೆ ಹೋಗಿರಲಿಲ್ಲ. ಮಗು ಬೆಳೆಯುವುದನ್ನು ನಿಲ್ಲಿಸಿ ಎಷ್ಟೋ ದಿನವಾಗಿದೆ. ನಮ್ಮ ಗೆರೆಯನ್ನೂ ಬಿಟ್ಟು ಕೆಳಗೆ ಇಳಿದಿದೆ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. ಇವತ್ತೇ ಶುರು ಮಾಡೋಣ ಎಂದ.

ಔಷಧಿ ಇಟ್ಟಿದ್ದಾರೆ. ನಿಮೇಷ್ ಬಂದಿದ್ದಾನೆ, ಗೋಡೆ ನೋಡುತ್ತ ನಿಂತಿದ್ದಾನೆ. ಪಟ್ಟಿಯ ಸದ್ದು ಕೇಳುತ್ತಲೇ ಇದ್ದೇನೆ. ಒಂದೊಂದು ಸಲ ಕುದುರೆ ಎಡವುತ್ತದೆ. ಮತ್ತೆ ಓಡುತ್ತದೆ.

ಜನವರಿ 10, ಶುಕ್ರವಾರ

ಹೆಣ್ಣು.

ಕೂಡಲೇ ಅಳಲಿಲ್ಲ. ಎತ್ತಿಕೊಂಡು ಓಡಿದರು. ಆಮೇಲೆ ಗಾಜಿನಾಚೆಯಿಂದ ಬೆಕ್ಕಿನ ಮರಿಯ ದನಿ ಬಂತು.

ಮುಖ ನೋಡಿದೆ. ತೋರಿಸಿದರು.

ಜನವರಿ 12, ಭಾನುವಾರ

ಮಗು ಬಿಸಿ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಎರಡು ಕಿಲೋ ದಾಟಿದೆ ಅಷ್ಟೆ. ಚರ್ಮ ದೊಡ್ಡವರ ಅಂಗಿ ಹಾಕಿದ ಹಾಗೆ ಮಡಿಕೆ ಮಡಿಕೆ. ಹಾಲು ಎಳೆಯುತ್ತದೆ, ಸುಸ್ತಾಗಿ ನಿಲ್ಲಿಸುತ್ತದೆ, ಮತ್ತೆ ಎಳೆಯುತ್ತದೆ. ಸಿಟ್ಟಿನ ಮಗು. ಉರ್ವಿ, ನಿಮ್ಮ ಹಾಗೇ ಹುಬ್ಬು ಗಂಟಿಕ್ಕುತ್ತದೆ ಎಂದಳು. ನವಸಾರಿಗೆ ಫೋನಿನಲ್ಲಿ ತೋರಿಸಿದೆವು. ಅವಳ ತಾಯಿ ಮತ್ತೆ ಅತ್ತಳು, ನಾನು ಬೈಯಲಿಲ್ಲ.

ಮಾರ್ವಾ ಬಂದಿದ್ದಳು. ಮಾಸು ಚಿಕ್ಕದಾಗಿತ್ತು, ಅಲ್ಲಲ್ಲಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು ಎಂದಳು. ಹದಿನೈದರ ತನಕ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಬಿಡಿಸಿ ಹೇಳು ಎಂದೆ.

"ಏನೂ ಆಗದೇ ಇರಬಹುದಿತ್ತು. ಆಗಲೂಬಹುದಿತ್ತು. ಸುಳ್ಳು ಹೇಳಲ್ಲ ಜಸುಬೆನ್, ಗೊತ್ತಿಲ್ಲ."

ಹಾಗಾದರೆ ನಾನು ಮಗುವನ್ನು ಉಳಿಸಿದೆನೋ, ಸುಮ್ಮನೆ ಕುರ್ಚಿ ಹಿಡಿದು ಕೂತಿದ್ದೆನೋ? ಏಳಕ್ಕೇ ಒಪ್ಪಿದ್ದರೆ ಅದು ಕೂಡಲೇ ಅಳುತ್ತಿತ್ತೋ? ಅದಕ್ಕೂ ಗೊತ್ತಿಲ್ಲ ಎಂದಾಳು. ಕೇಳಲಿಲ್ಲ.

ಬೇರೆಯದನ್ನು ಕೇಳಿದೆ. ನಿಮ್ಮವರಲ್ಲಿ ಹೆಚ್ಚು, ನಿಮ್ಮವರಲ್ಲಿ ಹೆಚ್ಚು ಎನ್ನುತ್ತೀರಲ್ಲ, ಎಲ್ಲೋ ಎಣಿಸಿರಬೇಕು. ಎಂಬತ್ತನೇ ಇಸವಿಯದು ಒಂದು ಆ ಎಣಿಕೆಯಲ್ಲಿ ಸೇರಿದೆಯೇ? ಅವಳಿಗೆ ಅರ್ಥವಾಯಿತು. ಆಗ ಯಾವ ಜನ ಎಂದು ಬೇರೆ ಬರೆದಿಡುತ್ತಿರಲಿಲ್ಲ, ಸೇರಿರಲಿಕ್ಕಿಲ್ಲ ಎಂದಳು. ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಬೇಕು ಎಂದುಕೊಂಡೆ, ಆಮೇಲೆ ಮರೆತೆ.

ಕಾರ್ಖಾನೆಯಲ್ಲಿ ಸಣ್ಣದಾಗಿ ಕತ್ತರಿಸಿ ಹೊಲಿದ ಸ್ವೆಟರ್ ಇರುತ್ತಿತ್ತು, ಇಸ್ತ್ರಿಯ ಉಗಿಯಲ್ಲಿ ಕುಗ್ಗಿಹೋದ ಸ್ವೆಟರೂ ಇರುತ್ತಿತ್ತು. ಮೇಸ್ತ್ರಿ ಎರಡಕ್ಕೂ ಸಣ್ಣ ಸೈಜಿನ ಚೀಟಿಯನ್ನೇ ಹೊಲಿಸುತ್ತಿದ್ದ. ತೊಟ್ಟವರಿಗೆ ಗೊತ್ತಾಗುತ್ತಿತ್ತು. ಯಾಕೋ ಇದು ಮತ್ತೆ ಮತ್ತೆ ನೆನಪಿಗೆ ಬರುತ್ತಿದೆ.

ಜನವರಿ 15, ಬುಧವಾರ

ಇವತ್ತು ಮಗುವಿನ ಆರನೇ ದಿನದ ಛಠ್ಠಿ. ತೂಕ ಸಾಲದೆಂದು ಇನ್ನೂ ಬಿಟ್ಟಿಲ್ಲ, ಹಾಗಾಗಿ ಆಸ್ಪತ್ರೆಯಲ್ಲೇ ಮಾಡಿದೆವು. ದೀಪ ಹಚ್ಚಬಾರದಂತೆ. ನಿಮೇಷ್ ಬ್ಯಾಟರಿ ಹಾಕಿದ ಮೇಣದಬತ್ತಿ ತಂದ. ವಿಧಾತಾ ದೇವಿ ಕಣ್ಣು ಕಿರಿದು ಮಾಡಿಕೊಂಡು ಬರೆದುಕೊಳ್ಳಲಿ. ಮಗುವಿಗೆ ಬಿಳಿ ಅಂಗಿ ಹಾಕಿ, ತೊಟ್ಟಿಲ ಪಕ್ಕದ ಮೇಜಿನ ಮೇಲೆ ಕುಂಕುಮ, ಅಕ್ಕಿ, ಖಾಲಿ ಹಾಳೆ, ಪೆನ್ನು ಇಟ್ಟೆವು. ಎಲ್ಲರೂ ಮಲಗಿದ ಮೇಲೆ ವಿಧಾತಾ ಬಂದು ಹಣೆಬರಹ ಬರೆಯುತ್ತಾಳೆ.

ಹಾಳೆ ಹರಿದದ್ದು ಈ ಪುಸ್ತಕದಿಂದಲೇ. ಹರಿಯುವಾಗ ಒಂದರ ಜೊತೆ ಇನ್ನೊಂದೂ ಬಂತು. ವಿಧಾತಾ ಬರಲು ಇನ್ನೂ ಹೊತ್ತಿದೆ. ಪೆನ್ನು ಸುಮ್ಮನೆ ಬಿದ್ದಿತ್ತು. ತೆಗೆದುಕೊಂಡೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಆ ಇನ್ನೊಂದು ಹಾಳೆಗೆ ಇಳಿಸುತ್ತೇನೆ. ಗುಜರಾತಿಯಲ್ಲೇ ಬರೆಯುತ್ತೇನೆ. ಆಸ್ಪತ್ರೆಯವರೇ ಯಾರಿಂದಲಾದರೂ ಓದಿಸಿಕೊಳ್ಳಲಿ.

ಹೆರಿಗೆ ಆಸ್ಪತ್ರೆಯ ದೊಡ್ಡವರಿಗೆ.

ಡಿಸೆಂಬರಿನಲ್ಲಿ ನಿಮ್ಮವರೊಬ್ಬರು, ನಮ್ಮ ಜನ ಎಂದು, ಮಗು ಸಣ್ಣದಾದರೂ ಸರಿಯಿದೆ ಎಂದರು. ಅದೇ ತಿಂಗಳು ನಿಮ್ಮವರೇ ಇನ್ನೊಬ್ಬರು, ನಮ್ಮ ಜನ ಎಂದೇ, ಮಗು ಬೇಗ ಹೊರಗೆ ಬರಬೇಕು ಎಂದರು. ನನಗೆ ಓದು ಕಡಿಮೆ. ಇಬ್ಬರೂ ಹೇಗೆ ಸರಿ ಎಂದು ನನಗೆ ತಿಳಿಯಲಿಲ್ಲ, ತಪ್ಪು ಯಾರದು ಎಂದೂ ತಿಳಿಯಲಿಲ್ಲ. ಆ ಇಬ್ಬರೂ ಒಂದು ಕೋಣೆಯಲ್ಲಿ ಕೂತು ಇದನ್ನು ಯಾವತ್ತಾದರೂ ಮಾತಾಡಿದ್ದಾರೆಯೇ? ನಾವು ದಿನ ಮುಂದೂಡಿದಾಗ ನಿಮ್ಮವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದೆ, ಆದರೂ ಕೇಳಬೇಕಾಗಿತ್ತು. ನನ್ನ ಮೊಮ್ಮಗಳು ಬದುಕಿದ್ದಾಳೆ. ಅವಳ ತಾಯಿಯ ಹಾಸಿಗೆಯ ಎದುರಿನ ಹಾಸಿಗೆಗೆ ನಿನ್ನೆ ಒಬ್ಬ ಬಸುರಿ ಬಂದಿದ್ದಾಳೆ, ನಮ್ಮ ಕಡೆಯವಳೇ, ಅವಳ ಹಾಳೆಯಲ್ಲೂ ಅದೇ ಗೆರೆ ಇದೆ. ಆ ಗೆರೆ ಅವಳ ಮಗುವಿನ ಬಗ್ಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಬರೆದು ತಿಳಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ಸಹಜ ಎಂದು ಬರೆಯಬೇಡಿ.

ಒಂದು ತಿಂಗಳು ಸಮಯ ಕೊಟ್ಟಿದ್ದೇನೆ, ಫೆಬ್ರವರಿ ಹದಿನಾಲ್ಕರೊಳಗೆ ಉತ್ತರ ನನ್ನ ಕೈ ಸೇರಬೇಕು.